ಜಾರ್ ಅಲ್ಲೇ ಇದೆ, ಆದ್ರೂ ಎರರ್ ಯಾಕೆ? ಟಾಮ್‌ಕ್ಯಾಟ್‌ನಲ್ಲಿ ಕ್ಲಾಸ್ ಲೋಡಿಂಗ್ ದೋಷ ಹಿಡಿಯುವ ಬಗೆ

ಮಂಡ್ಯದ ಒಂದು ಬೆಲ್ಲದ ಮಂಡಿಗೆ ನಾವು ಬಿಲ್ಲಿಂಗ್ ಆಪ್ ಮಾಡಿಕೊಟ್ಟಿದ್ದೇವೆ. ಜಾವಾದಲ್ಲಿ ಬರೆದದ್ದು, ಜಾವಾ ವೆಬ್ ಆಪ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ 9 ಎಂಬ ಸಾಫ್ಟ್‌ವೇರ್ ಮೇಲೆ ಓಡುತ್ತದೆ. ಸರ್ವರ್ ಅಂದರೆ ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟಿರುವ ಒಂದು ಲಿನಕ್ಸ್ ಪಿಸಿ. ಬೆಳಿಗ್ಗೆ ಆಲೆಮನೆಗಳಿಂದ ಗಾಡಿ ಬರುತ್ತವೆ, ತೂಕ ಆಗುತ್ತದೆ. ಅಚ್ಚು ಬೆಲ್ಲಕ್ಕೆ ಒಂದು ರೇಟು, ಬಕೆಟ್ ಬೆಲ್ಲಕ್ಕೆ ಇನ್ನೊಂದು. ಆ ದಿನದ ರೇಟಿನ ಎಕ್ಸೆಲ್ ಫೈಲನ್ನು ಗುಮಾಸ್ತರು ಅಪ್‌ಲೋಡ್ ಮಾಡಿದ ಮೇಲೆ ಚೀಟಿ ಪ್ರಿಂಟ್ ಆಗುತ್ತದೆ.

ಒಂದು ಸೋಮವಾರ ಅವರ ಫೋನು ಬಂತು. "ಸಾ, ರೇಟ್ ಫೈಲ್ ಹಾಕಿದ್ರೆ ಐನೂರು ಅಂತ ತೋರಿಸ್ತದೆ. ಗಾಡಿ ಎಲ್ಲ ನಿಂತವೆ." ಐನೂರು ರೂಪಾಯಿ ಅಲ್ಲ, 500 ಎರರ್, ಅಂದರೆ ಸರ್ವರಿನೊಳಗೆ ಏನೋ ಮುಗ್ಗರಿಸಿದೆ ಅಂತ.

"ಏನಾದ್ರೂ ಬದಲಾಯಿಸಿದ್ರಾ ಅಣ್ಣ?" ಅಂದೆ.

"ಏನೂ ಮುಟ್ಟಿಲ್ಲ ಸಾ. ಸಿಸ್ಟಮ್ ಸ್ಲೋ ಅಂತ ಶನಿವಾರ ಡಿಸ್ಕ್ ಬದಲಾಯಿಸಿದ್ರು, ಅಷ್ಟೇ."

ಉತ್ತರ ಆ ಮಾತಿನಲ್ಲೇ ಇತ್ತು. ನನಗೆ ಅದು ಹೊಳೆಯುವ ಹೊತ್ತಿಗೆ ಮೈಸೂರಿಂದ ರೈಲು ಹತ್ತಿ ಮಂಡ್ಯಕ್ಕೆ ಹೋಗಿ, ಅರ್ಧ ದಿನ ಕಳೆದಿದ್ದೆ. ಆ ಅರ್ಧ ದಿನದಲ್ಲಿ ಏನೇನು ನೋಡಿದೆ, ಯಾವುದನ್ನು ಮೊದಲೇ ನೋಡಬೇಕಿತ್ತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಜಾವಾ ವೆಬ್ ಆಪ್ ನೋಡಿಕೊಳ್ಳುವ ಯಾರಿಗಾದರೂ ಒಂದಲ್ಲ ಒಂದು ದಿನ ಈ ಜಾತಿಯ ದೋಷ ಎದುರಾಗುತ್ತದೆ.

ಯಾವುದು ಎಲ್ಲಿರಬೇಕು

ಇಡೀ ಆಪ್ ಕಟ್ಟಿಟ್ಟ ವಾರ್ ಫೈಲ್ ಅಂದರೆ ಹೆಸರು ಬದಲಾದ ಜಿಪ್ ಫೈಲ್, ಅಷ್ಟೇ. ವೆಬ್‌ಆಪ್ಸ್ ಫೋಲ್ಡರಿಗೆ ಹಾಕಿದರೆ ಟಾಮ್‌ಕ್ಯಾಟ್ ಅದನ್ನು ಅಲ್ಲೇ ಒಂದು ಫೋಲ್ಡರಾಗಿ ಬಿಚ್ಚಿಕೊಳ್ಳುತ್ತದೆ. ಅದರೊಳಗೆ ವೆಬ್-ಇನ್ಫ್ ಎಂಬ ಫೋಲ್ಡರ್ ಇರುತ್ತದೆ. ಹೆಸರು ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಬೇಕು. ಅದರ ಹೊರಗೆ ಇರುವ ಚಿತ್ರ, ಸಿಎಸ್‌ಎಸ್ ಎಲ್ಲ ಬ್ರೌಸರಿಗೆ ನೇರ ಸಿಗುತ್ತವೆ. ಒಳಗಿನದು ನೇರ ಸಿಗುವುದಿಲ್ಲ.

ವೆಬ್-ಇನ್ಫ್ ಒಳಗೆ ನಮಗೆ ಬೇಕಾದ ಜಾಗ ಎರಡು. ನಾವೇ ಬರೆದ ಕ್ಲಾಸ್ ಫೈಲುಗಳು (ಕಂಪೈಲ್ ಆದ ಜಾವಾ ಕೋಡ್) ಕ್ಲಾಸಸ್ ಫೋಲ್ಡರಿನಲ್ಲಿ, ಪ್ಯಾಕೇಜ್ ಹೆಸರಿನಂತೆಯೇ ಫೋಲ್ಡರ್ ಒಳಗೆ ಫೋಲ್ಡರ್ ಆಗಿ ಕೂರಬೇಕು. ಬೇರೆಯವರ ಲೈಬ್ರರಿಗಳು ಜಾರ್ ಆಗಿ, ಅಂದರೆ ಕ್ಲಾಸುಗಳನ್ನು ಕಟ್ಟಿಟ್ಟ ಒಂದೇ ಫೈಲಾಗಿ, ಲಿಬ್ ಫೋಲ್ಡರಿನಲ್ಲಿ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಇದರ ಅಂಚಿನಲ್ಲಿ. ಲಿಬ್ ಒಳಗೆ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿ ಜಾರ್ ಇಟ್ಟರೆ ಟಾಮ್‌ಕ್ಯಾಟ್ ನೋಡುವುದಿಲ್ಲ. ಲಿಬ್‌ನಲ್ಲಿ ಬಿಡಿ ಕ್ಲಾಸ್ ಫೈಲ್ ಇಟ್ಟರೂ ನೋಡುವುದಿಲ್ಲ. ಕ್ಲಾಸಸ್ ಫೋಲ್ಡರಿನಲ್ಲಿ ಜಾರ್ ಇಟ್ಟರೆ ಅದನ್ನು ಬಿಚ್ಚುವುದೂ ಇಲ್ಲ. ಮೂರನ್ನೂ ನಾನು ಬೇರೆ ಬೇರೆ ಕಡೆ ಕಣ್ಣಾರೆ ಕಂಡಿದ್ದೇನೆ.

ಇನ್ನು ಹುಡುಕುವ ಕ್ರಮ. ಮಾಮೂಲಿ ಜಾವಾದಲ್ಲಿ ಕ್ಲಾಸ್‌ಲೋಡರ್, ಅಂದರೆ ಕ್ಲಾಸನ್ನು ಹುಡುಕಿ ತರುವ ಭಾಗ, ಮೊದಲು ತನ್ನ ತಾಯಿ ಲೋಡರನ್ನು ಕೇಳುತ್ತದೆ. ಅಲ್ಲಿ ಸಿಗದಿದ್ದರೆ ಮಾತ್ರ ತಾನು ಹುಡುಕುತ್ತದೆ. ವೆಬ್ ಆಪ್‌ನಲ್ಲಿ ಇದು ತಿರುಗುಮುರುಗು. ಅಂಗಡಿಗೆ ಹೋಗುವ ಮುಂಚೆ ಮನೆ ಡಬ್ಬಿ ನೋಡುವ ಹಾಗೆ, ಪ್ರತಿ ಆಪ್‌ನ ಲೋಡರ್ ಮೊದಲು ತನ್ನದನ್ನೇ ನೋಡಿಕೊಳ್ಳುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಕ್ರಮ ಹೀಗೆ: ಮೊದಲು ಜಾವಾದ ಮೂಲ ಕ್ಲಾಸುಗಳು, ಆಮೇಲೆ ಆಪ್‌ನ ಕ್ಲಾಸಸ್ ಫೋಲ್ಡರ್, ಆಮೇಲೆ ಆಪ್‌ನ ಲಿಬ್ ಜಾರುಗಳು, ಆಮೇಲೆ ಸಿಸ್ಟಮ್ ಲೋಡರ್, ಕೊನೆಗೆ ಟಾಮ್‌ಕ್ಯಾಟ್‌ನ ಸ್ವಂತ ಲಿಬ್ ಫೋಲ್ಡರ್, ಅಂದರೆ ಎಲ್ಲ ಆಪ್‌ಗಳಿಗೂ ಸೇರಿದ್ದು. ಆಪ್‌ನ ಸೆಟ್ಟಿಂಗ್ ಇರುವ ಕಾಂಟೆಕ್ಸ್ಟ್ ಫೈಲಿನ ಲೋಡರ್‌ನಲ್ಲಿ ಡೆಲಿಗೇಟ್ ಟ್ರೂ ಅಂತ ಇಟ್ಟಿದ್ದರೆ ಮಾತ್ರ ಆಪ್‌ನದು ಕೊನೆಗೆ ಹೋಗುತ್ತದೆ. ಬ್ರೌಸರಿನ ಕೋರಿಕೆಗೆ ಉತ್ತರಿಸಲು ಆಪ್ ಬಳಸುವ ಸರ್ವ್ಲೆಟ್ ಎಪಿಐ ಕ್ಲಾಸುಗಳಿಗೆ ಈ ಸ್ವಾತಂತ್ರ್ಯ ಇಲ್ಲ. ಅವನ್ನು ಟಾಮ್‌ಕ್ಯಾಟ್ ಯಾವಾಗಲೂ ತನ್ನಲ್ಲಿಂದಲೇ ಕೊಡುತ್ತದೆ.

ಮರೆಯಬಾರದ್ದು ಒಂದಿದೆ. ಕ್ಲಾಸ್ ಮೊದಲು ಸಿಕ್ಕ ಕಡೆ ಹುಡುಕಾಟ ನಿಂತುಬಿಡುತ್ತದೆ. ಅದಕ್ಕಿಂತ ಹೊಸದು ಪಕ್ಕದ ಜಾರಿನಲ್ಲೇ ಇದ್ದರೂ ಲೋಡರ್ ಅತ್ತ ತಿರುಗಿ ನೋಡುವುದಿಲ್ಲ.

ಇನ್ನೊಂದು ಸಣ್ಣದು. ಕ್ಲಾಸ್‌ಪಾತ್ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಏನೇ ತುಂಬಿದರೂ ಟಾಮ್‌ಕ್ಯಾಟ್‌ನ ಸ್ಟಾರ್ಟಪ್ ಸ್ಕ್ರಿಪ್ಟ್ ಅದನ್ನು ಬದಿಗಿಟ್ಟು ತನ್ನದೇ ಪಾತ್ ಕಟ್ಟಿಕೊಳ್ಳುತ್ತದೆ. ಅಲ್ಲಿ ಜಾರ್ ಸೇರಿಸಿ ಕಾಯುತ್ತಾ ಕೂರಬೇಡಿ.

ಲಾಗ್ ಓದುವಾಗ

ಎಲ್ಲರೂ ಟಾಮ್‌ಕ್ಯಾಟ್‌ನ ಮುಖ್ಯ ಲಾಗ್ ಫೈಲಾದ ಕ್ಯಾಟಲೀನಾ ಡಾಟ್ ಔಟ್ ಒಂದನ್ನೇ ನೋಡುತ್ತಾರೆ. ಆಪ್ ಏಳದೆ "ಲಿಸನರ್ ಶುರುವಾಗಲಿಲ್ಲ" ಅಂತ ಒಂದೇ ಸಾಲು ಕಂಡರೆ, ಪೂರ್ತಿ ಕಥೆ ಪಕ್ಕದಲ್ಲಿ ಲೋಕಲ್‌ಹೋಸ್ಟ್ ಅಂತ ಶುರುವಾಗುವ, ತಾರೀಖು ಇರುವ ಲಾಗ್ ಫೈಲಿನಲ್ಲಿ ಇರುತ್ತದೆ. ಅದರಲ್ಲಿ ಮೇಲಿನ ಸಾಲು ಓದಿ ಗಾಬರಿ ಆಗಬೇಡಿ, ಕೆಳಗೆ ಇಳಿಯಿರಿ. "ಕಾಸ್ಡ್ ಬೈ" ಅಂತ ಬರುವ ಸಾಲುಗಳಲ್ಲಿ ಕಟ್ಟಕಡೆಯದು ನಿಜವಾದ ಕಾರಣ.

ಎರರಿನ ಹೆಸರೇ ಅರ್ಧ ಉತ್ತರ ಹೇಳುತ್ತದೆ. ಹೆಸರುಗಳು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಅದಕ್ಕೇ ಗಲಿಬಿಲಿ.

ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಷನ್

ಹೆಸರು ಕೊಟ್ಟು ಕ್ಲಾಸ್ ಕೇಳಿದರು, ಯಾವ ಲೋಡರಿಗೂ ಸಿಗಲಿಲ್ಲ. ಹಾಗಾದರೆ ಫೈಲ್ ನಿಜಕ್ಕೂ ಇಲ್ಲ, ಇಲ್ಲವೇ ತಪ್ಪು ಜಾಗದಲ್ಲಿದೆ. ಮೊದಲು ವಾರ್ ಫೈಲನ್ನೇ ತೆರೆದು ನೋಡಿ. ಜಾರ್ ಕಮಾಂಡಿಗೆ ಟಿ, ಎಫ್ ಎರಡು ಅಕ್ಷರ ಕೊಟ್ಟರೆ ಒಳಗಿನ ಪಟ್ಟಿ ಬರುತ್ತದೆ. ನೀವು ಕೋಡ್ ಬರೆಯುವ ಲ್ಯಾಪ್‌ಟಾಪಿನ ಎಕ್ಲಿಪ್ಸ್‌ನಲ್ಲಿ ಇದೆಯೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಬಿಲ್ಡ್ ಪಾತ್‌ಗೆ ಸೇರಿಸಿದ ಜಾರ್ ಕಂಪೈಲ್ ಆಗಲು ಸಾಕು, ವಾರ್ ಒಳಗೆ ಹೋಗಲು ಸಾಲದು. ಬಿಲ್ಡ್ ಮಾಡುವ ಮೇವನ್‌ನಲ್ಲಿ ಪ್ರೊವೈಡೆಡ್ ಸ್ಕೋಪ್, ಅಂದರೆ ಇದು ಸರ್ವರಿನಲ್ಲೇ ಸಿಗುತ್ತದೆ ಅನ್ನುವ ಗುರುತು, ಹಾಕಿದ್ದರೂ ಅದೇ ಕಥೆ. ಸರ್ವ್ಲೆಟ್ ಎಪಿಐಗೆ ಆ ಸ್ಕೋಪ್ ಸರಿ, ಬೇರೆ ಜಾರಿಗೆ ಹಾಕಿದರೆ ಸರ್ವರಿನಲ್ಲಿ ಅದು ನಾಪತ್ತೆ.

ವಿಂಡೋಸ್‌ನಲ್ಲಿ ಮಾಡಿ ಲಿನಕ್ಸ್‌ಗೆ ಹಾಕುವವರು ಚಿಕ್ಕಕ್ಷರ, ದೊಡ್ಡಕ್ಷರ ನೋಡಿಕೊಳ್ಳಿ. ವಿಂಡೋಸ್ ಫೈಲ್ ಹೆಸರಿನಲ್ಲಿ ಆ ಭೇದ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ.

ಸಿಗದ ಕ್ಲಾಸಿನ ಹೆಸರು ಜಾವಾಎಕ್ಸ್ ಡಾಟ್ ಸರ್ವ್ಲೆಟ್ ಅಂತ ಶುರುವಾದರೆ ಟಾಮ್‌ಕ್ಯಾಟ್ ಎಷ್ಟನೆಯದು ಅಂತ ನೋಡಿ. 9ರ ತನಕ ಆ ಹೆಸರು. 10ರಿಂದ ಅದು ಜಕಾರ್ತಾ ಡಾಟ್ ಸರ್ವ್ಲೆಟ್ ಆಯಿತು. ಹಳೆ ಆಪ್ 10ರ ಮೇಲೆ ಹಾಗೇ ಓಡುವುದಿಲ್ಲ. ವಾರ್ ಫೈಲನ್ನು ವೆಬ್‌ಆಪ್ಸ್-ಜಾವಾಇಇ ಎಂಬ ಫೋಲ್ಡರಿಗೆ ಹಾಕಿದರೆ ಟಾಮ್‌ಕ್ಯಾಟ್ 10 ತಾನೇ ಹೆಸರು ಬದಲಿಸಿ ವೆಬ್‌ಆಪ್ಸ್‌ಗೆ ಕೊಡುತ್ತದೆ. ಹಳೆ ಸರ್ವ್ಲೆಟ್ ಜಾರನ್ನು ಲಿಬ್‌ಗೆ ತುರುಕಿ ಸರಿಮಾಡಲು ಹೋದರೆ ಗೋಜಲು ಹೆಚ್ಚಾಗುತ್ತದೆ.

ಡೇಟಾಬೇಸ್ ಡ್ರೈವರ್ ವಿಷಯ ಬೇರೆ. ಕನೆಕ್ಷನ್ ಪೂಲನ್ನು (ಮೊದಲೇ ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳು) ಟಾಮ್‌ಕ್ಯಾಟ್‌ನ ಕಾಂಟೆಕ್ಸ್ಟ್‌ನಲ್ಲಿ ಡೇಟಾಸೋರ್ಸ್ ಆಗಿ ಕಟ್ಟಿಸಿದ್ದರೆ ಅದನ್ನು ಕಟ್ಟುವವನು ಟಾಮ್‌ಕ್ಯಾಟ್. ಡ್ರೈವರ್ ಜಾರ್ ಟಾಮ್‌ಕ್ಯಾಟ್‌ನ ಲಿಬ್‌ನಲ್ಲಿ ಇರಬೇಕು. ತಾಯಿ ಲೋಡರಿಗೆ ಮಕ್ಕಳ ಡಬ್ಬಿ ಕಾಣುವುದಿಲ್ಲ.

ನೋಕ್ಲಾಸ್‌ಡೆಫ್‌ಫೌಂಡ್‌ಎರರ್

ಕಂಪೈಲ್ ಆಗುವಾಗ ಕ್ಲಾಸ್ ಇತ್ತು, ಓಡುವಾಗ ಇಲ್ಲ. ಹೆಚ್ಚಿನ ಸಲ ನೀವು ಹಾಕಿದ ಜಾರ್ ಇದೆ, ಅದು ನೆಚ್ಚಿಕೊಂಡ ಇನ್ನೊಂದು ಜಾರ್ ಇಲ್ಲ. ಮೇವನ್‌ನ ಡಿಪೆಂಡೆನ್ಸಿ ಟ್ರೀ ತೆಗೆದರೆ ಗೊತ್ತಾಗುತ್ತದೆ.

"ಕುಡ್ ನಾಟ್ ಇನಿಷಿಯಲೈಸ್ ಕ್ಲಾಸ್" ಅಂತ ಬಂದಿದ್ದರೆ ಮಾತ್ರ ಫೈಲ್ ಹುಡುಕಬೇಡಿ. ಕ್ಲಾಸ್ ಸಿಕ್ಕಿದೆ, ಅದರ ಸ್ಟ್ಯಾಟಿಕ್ ಭಾಗ ಮೊದಲ ಸಲ ಓಡುವಾಗ ಮುಗ್ಗರಿಸಿದೆ. ಲಾಗ್‌ನಲ್ಲಿ ಇನ್ನೂ ಹಿಂದಕ್ಕೆ ಹೋಗಿ. ಟಾಮ್‌ಕ್ಯಾಟ್ ಎದ್ದ ಮೇಲೆ ಬಂದ ಮೊದಲ ಎರರ್ ಯಾವುದು ಅಂತ ನೋಡಿ. ಉಳಿದ ನೂರು ಸಾಲು ಅದರದೇ ಮರುದನಿ.

ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಷನ್‌ಎರರ್

ಇದು ಸುಲಭ. ಹೊಸ ಜಾವಾದಲ್ಲಿ ಕಂಪೈಲ್ ಮಾಡಿ ಹಳೆ ಜಾವಾದ ಮೇಲೆ ಓಡಿಸಿದ್ದೀರಿ. ಎರರಿನಲ್ಲೇ ನಂಬರ್ ಇರುತ್ತದೆ: 52 ಅಂದರೆ ಜಾವಾ 8, 55 ಅಂದರೆ 11, 61 ಅಂದರೆ 17, 65 ಅಂದರೆ 21. ಟರ್ಮಿನಲ್‌ನಲ್ಲಿ ಜಾವಾ ವರ್ಷನ್ ಕೇಳಿ ಸುಮ್ಮನಾಗಬೇಡಿ, ಟಾಮ್‌ಕ್ಯಾಟ್ ಬೇರೆಯದೇ ಜಾವಾ ಹಿಡಿದಿರಬಹುದು. ಅದು ಶುರುವಾಗುವಾಗ ಲಾಗ್‌ನ ಮೊದಲ ಸಾಲುಗಳಲ್ಲಿ ತನ್ನ ಜಾವಾ ಯಾವುದು, ಎಲ್ಲಿಯದು ಅಂತ ಬರೆದುಕೊಂಡಿರುತ್ತದೆ.

ನೋಸಚ್‌ಮೆಥಡ್‌ಎರರ್: ಮಂಡಿಯಲ್ಲಿ ಆದದ್ದು ಇದು

ಮಂಡಿಯ ಲಾಗ್‌ನಲ್ಲಿ ಕೊನೆಯ "ಕಾಸ್ಡ್ ಬೈ" ಇದೇ ಆಗಿತ್ತು. ಎಕ್ಸೆಲ್ ಓದಲು ನಾವು ಅಪಾಚೆಯ ಪಿಒಐ ಲೈಬ್ರರಿ ಬಳಸುತ್ತೇವೆ. ಅದರ ಸೆಲ್ ಎಂಬ ಇಂಟರ್‌ಫೇಸ್‌ನಲ್ಲಿ ಗೆಟ್‌ಸೆಲ್‌ಟೈಪ್ ಎಂಬ ಮೆಥಡ್ ಇಲ್ಲ ಅಂತ ಎರರ್.

ಇಲ್ಲ ಅಂದರೆ ಹೇಗೆ? ಎಕ್ಸೆಲ್ ಓದುವ ಯಾರಾದರೂ ಮೊದಲು ಕರೆಯುವ ಮೆಥಡ್ ಅದು. ಶುಕ್ರವಾರದ ತನಕ ದಿನಾ ಓಡಿದೆ. ಕೋಡ್ ಬದಲಾಗಿಲ್ಲ, ವಾರ್ ಬದಲಾಗಿಲ್ಲ. ಮೈಸೂರಿನ ನಮ್ಮ ಆಫೀಸಿನಲ್ಲಿ ಅದೇ ವಾರ್ ಹಾಕಿ, ಅದೇ ರೇಟ್ ಫೈಲ್ ಕೊಟ್ಟರೆ ಚೀಟಿ ಬರುತ್ತಿದೆ. ಎರಡು ಸಲ ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಿಸಿದೆ. ಮೂರನೇ ಸಲವೂ ಮಾಡಿಸಿದೆ, ಅದು ಬರೀ ನನ್ನ ಸಮಾಧಾನಕ್ಕೆ. ಆಮೇಲೆ ರೈಲು ಹತ್ತಿದೆ.

ಮಂಡಿಗೆ ಹೋಗಿ ಆಪ್‌ನ ಲಿಬ್ ಫೋಲ್ಡರ್ ತೆರೆದು ನೋಡಿದೆ. ಪಿಒಐ 5.2.3 ಜಾರ್ ಅಲ್ಲೇ ಕೂತಿತ್ತು. "ಜಾರ್ ಇದೆಯಲ್ಲಾ" ಅಂತ ಪಟ್ಟಿ ಮುಚ್ಚಿಬಿಟ್ಟೆ. ಅಲ್ಲೇ ನಾನು ಕೆಟ್ಟದ್ದು. ಬೇಕಾದ್ದು ಇದೆಯಾ ಅಂತ ಮಾತ್ರ ನೋಡಿದೆ, ಬೇಡದ್ದು ಇದೆಯಾ ಅಂತ ನೋಡಲಿಲ್ಲ. ಆಮೇಲಿನ ಎರಡು ಗಂಟೆ ಡಿಸ್ಕ್ ಕಾಪಿ ಆಗುವಾಗ ಜಾರ್ ಕೆಟ್ಟಿರಬಹುದು, ಪರ್ಮಿಷನ್ ಇರಬಹುದು, ಜಾವಾ ಇರಬಹುದು ಅಂತ ಅಲೆದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಕೊನೆಗೆ ಮಾಡಿದ್ದು ಒಂದು ಪುಟ್ಟ ಜೆಎಸ್‌ಪಿ, ಅಂದರೆ ಒಳಗೆ ಜಾವಾ ಬರೆಯಬಹುದಾದ ವೆಬ್ ಪುಟ. ಮೊದಲೇ ಮಾಡಬೇಕಿತ್ತು. ಅದರ ಕೆಲಸ ಇಷ್ಟು: ಸೆಲ್ ಕ್ಲಾಸಿನ ಪ್ರೊಟೆಕ್ಷನ್‌ಡೊಮೇನ್ ತೆಗೆದು, ಅದರಿಂದ ಕೋಡ್‌ಸೋರ್ಸ್ ತೆಗೆದು, ಅದರ ಲೊಕೇಷನ್ ಅನ್ನು ಪುಟದ ಮೇಲೆ ಬರೆಯುವುದು. ಅಂದರೆ "ನೀನು ಯಾವ ಜಾರಿನಿಂದ ಬಂದೆ?" ಅಂತ ಓಡುತ್ತಿರುವ ಕ್ಲಾಸನ್ನೇ ಕೇಳುವುದು. ಉತ್ತರ ಬಂತು: ಪಿಒಐ 3.17 ಜಾರ್.

3.17? ಅದನ್ನು ಬಿಟ್ಟು ನಾಲ್ಕು ತಿಂಗಳಾಗಿತ್ತು. ಲಿಬ್ ಪಟ್ಟಿಯನ್ನು ಈ ಸಲ ಮೇಲಿಂದ ಓದಿದೆ. ಪಿಒಐ 3.17, ಅದರ ಕೆಳಗೇ ಪಿಒಐ 5.2.3. ಎರಡೂ.

ಹೇಗೆ ಬಂತು ಅಂತ ಬೇರೆಯವರನ್ನು ಬೈಯುವ ಹಾಗಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಅಪ್‌ಗ್ರೇಡ್ ಮಾಡಲು ಬಂದಾಗ ನಾನೇ ಪೆನ್‌ಡ್ರೈವಿನಿಂದ ಹೊಸ ಜಾರು, ಹೊಸ ಕ್ಲಾಸುಗಳನ್ನು ಬಿಚ್ಚಿದ ಫೋಲ್ಡರಿನೊಳಗೆ ನೇರ ಕಾಪಿ ಮಾಡಿದ್ದೆ. ಕಾಪಿ ಮಾಡಿದರೆ ಹೊಸದು ಸೇರುತ್ತದೆ, ಹಳೆಯದು ಹೋಗುವುದಿಲ್ಲ. ಹೆಸರಿನಲ್ಲೇ ವರ್ಷನ್ ನಂಬರ್ ಇರುವುದರಿಂದ ಒಂದರ ಮೇಲೊಂದು ಬರೆಯಲೂ ಇಲ್ಲ. ಆಫೀಸಿನಲ್ಲಿ ವಾರ್ ಹೊಸದಾಗಿ ಬಿಚ್ಚಿಕೊಂಡಿದ್ದಕ್ಕೆ ಅಲ್ಲಿ 5.2.3 ಒಂದೇ ಇತ್ತು.

ಸರಿ, ಎರಡು ಜಾರ್ ನಾಲ್ಕು ತಿಂಗಳಿಂದ ಇದ್ದವು. ಶುಕ್ರವಾರದ ತನಕ ಹೇಗೆ ಓಡಿತು? ಇಲ್ಲಿ ಡಿಸ್ಕ್ ಬರುತ್ತದೆ. ಟಾಮ್‌ಕ್ಯಾಟ್ 7ರ ತನಕ ಲಿಬ್ ಜಾರುಗಳನ್ನು ಅಕ್ಷರ ಕ್ರಮದಲ್ಲಿ ನೋಡುತ್ತಿತ್ತು. 8ರಿಂದ ಆ ಕ್ರಮ ಹೋಯಿತು, ಫೈಲ್‌ಸಿಸ್ಟಮ್ ಯಾವ ಕ್ರಮದಲ್ಲಿ ಪಟ್ಟಿ ಕೊಡುತ್ತದೋ ಅದೇ ಕ್ರಮ. ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ ಸಾಮಾನ್ಯವಾಗಿ ಫೈಲ್ ಹೆಸರಿನ ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ ಸಂಖ್ಯೆ) ಪ್ರಕಾರ ಪಟ್ಟಿ ಕೊಡುತ್ತದೆ. ಆ ಹ್ಯಾಶ್ ಲೆಕ್ಕದಲ್ಲಿ ಪ್ರತಿ ಫೈಲ್‌ಸಿಸ್ಟಮ್‌ಗೂ ಅದರದೇ ಒಂದು ಗುಟ್ಟಿನ ಸಂಖ್ಯೆ ಸೇರಿರುತ್ತದೆ. ಹಳೆ ಡಿಸ್ಕ್‌ನಲ್ಲಿ 5.2.3 ಮೊದಲು ಬರುತ್ತಿತ್ತು. ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಫೈಲುಗಳನ್ನು ಕಾಪಿ ಮಾಡಿದಾಗ ಕ್ರಮ ಅದಲುಬದಲಾಗಿ 3.17 ಮುಂದೆ ಬಂತು. ಎಲ್‌ಎಸ್ ಕಮಾಂಡ್ ಅಕ್ಷರ ಕ್ರಮದಲ್ಲಿ ಜೋಡಿಸಿ ತೋರಿಸುವುದರಿಂದ ಇದು ಕಾಣುವುದಿಲ್ಲ. ಅದಕ್ಕೆ ದೊಡ್ಡಕ್ಷರದ ಯು ಕೊಟ್ಟು ನೋಡಿ, ಜೋಡಿಸದ ಪಟ್ಟಿ ಬರುತ್ತದೆ. ಹೊಸ ಡಿಸ್ಕ್‌ನಲ್ಲಿ ಹಾಗೆ ನೋಡಿದಾಗ 3.17 ಮೇಲೆ, 5.2.3 ಎಷ್ಟೋ ಕೆಳಗೆ.

ಇನ್ನೊಂದು ಒಗಟು ಉಳಿಯಿತು. 3.17 ಜಾರನ್ನು ಜಾವಾಪಿ ಕಮಾಂಡಿನಿಂದ ಬಿಚ್ಚಿ ನೋಡಿದರೆ ಗೆಟ್‌ಸೆಲ್‌ಟೈಪ್ ಅದರಲ್ಲೂ ಇದೆ! ಇದ್ದೂ ಇಲ್ಲ ಅನ್ನುತ್ತಿದೆಯಲ್ಲ ಅಂತ ತಲೆ ಕೆರೆದುಕೊಂಡೆ. ಎರರ್ ಸಾಲನ್ನು ಪೂರ್ತಿ ಓದಿದಾಗ ಗೊತ್ತಾಯಿತು. ಅದರಲ್ಲಿ ಮೆಥಡ್ ಹೆಸರಿನ ಜೊತೆ ಅದು ವಾಪಸ್ ಕೊಡುವ ಟೈಪೂ ಇರುತ್ತದೆ. 3.17ರಲ್ಲಿ ಈ ಮೆಥಡ್ ವಾಪಸ್ ಕೊಡುವುದು ಇಂಟ್, ಬರೀ ಒಂದು ಸಂಖ್ಯೆ. ಪಿಒಐ 4.0ರಿಂದ ಅದು ಸೆಲ್‌ಟೈಪ್ ಎಂಬ ಈನಮ್ (ಹೆಸರಿಟ್ಟ ಆಯ್ಕೆಗಳ ಟೈಪ್) ಕೊಡುತ್ತದೆ. ಬರೆಯುವ ನಮಗೆ ಎರಡೂ ಒಂದೇ ಹೆಸರು. ಓಡಿಸುವ ಜೆವಿಎಂಗೆ ಹೆಸರು, ಕೊಡುವ ಆರ್ಗ್ಯುಮೆಂಟ್, ವಾಪಸ್ ಬರುವ ಟೈಪ್ ಮೂರೂ ಸೇರಿ ಒಂದು ಗುರುತು. ಮೂರರಲ್ಲಿ ಒಂದು ಹೊಂದದಿದ್ದರೂ ಅದರ ಪಾಲಿಗೆ ಆ ಮೆಥಡ್ ಇಲ್ಲ.

ಎಲ್ಲಿಂದ ಬಂತು ಅಂತ ಕೇಳುವ ಇನ್ನೆರಡು ದಾರಿ

ಜೆಎಸ್‌ಪಿಯಲ್ಲಿ ಇನ್ನೊಂದು ಸಾಲು ಸೇರಿಸಿದರೆ ಒಳ್ಳೆಯದು. ಆಪ್‌ನ ಕ್ಲಾಸ್‌ಲೋಡರಿಗೆ ಗೆಟ್‌ರಿಸೋರ್ಸಸ್ ಕೇಳಿ, ಕ್ಲಾಸಿನ ಹೆಸರನ್ನು ಚುಕ್ಕಿಯ ಬದಲು ಸ್ಲ್ಯಾಶ್ ಹಾಕಿ, ಕೊನೆಗೆ ಡಾಟ್ ಕ್ಲಾಸ್ ಸೇರಿಸಿ ಕೊಡಿ. ಆ ಕ್ಲಾಸ್ ಎಲ್ಲೆಲ್ಲಿ ಇದೆಯೋ ಅಷ್ಟೂ ಜಾಗ ಬರುತ್ತದೆ. ಒಂದಕ್ಕಿಂತ ಜಾಸ್ತಿ ಸಾಲು ಬಂದರೆ ಕಳ್ಳ ಸಿಕ್ಕ. ಕೆಲಸ ಮುಗಿದ ಮೇಲೆ ಆ ಜೆಎಸ್‌ಪಿ ತೆಗೆದುಹಾಕಿ, ಸರ್ವರಿನ ಒಳಗಿನ ಪಾತ್‌ಗಳನ್ನು ದಾರಿಹೋಕರಿಗೆಲ್ಲ ತೋರಿಸುವುದು ಯಾಕೆ?

ಆಪ್ ಏಳುತ್ತಲೇ ಇಲ್ಲ ಅಂದರೆ ಜೆಎಸ್‌ಪಿ ಕೆಲಸಕ್ಕೆ ಬರುವುದಿಲ್ಲ. ಆಗ ಟಾಮ್‌ಕ್ಯಾಟ್‌ನ ಬಿನ್ ಫೋಲ್ಡರಿನಲ್ಲಿ ಸೆಟ್‌ಎನ್ವ್ ಸ್ಕ್ರಿಪ್ಟ್ ಇಟ್ಟು, ಕ್ಯಾಟಲೀನಾ ಆಪ್ಟ್ಸ್‌ಗೆ ವರ್ಬೋಸ್ ಕ್ಲಾಸ್ ಆಪ್ಷನ್ ಸೇರಿಸಿ. ಜಾವಾ 9ರಿಂದ ಎಕ್ಸ್‌ಲಾಗ್ ಮೂಲಕ ಕ್ಲಾಸ್ ಲೋಡ್ ಲಾಗ್ ಕೇಳಬಹುದು. ಪ್ರತಿ ಕ್ಲಾಸು ಎಲ್ಲಿಂದ ಬಂತು ಅಂತ ಒಂದೊಂದು ಸಾಲು. ಸಾವಿರಗಟ್ಟಲೆ ಬರುತ್ತದೆ, ಗ್ರೆಪ್ ಮಾಡಿಕೊಳ್ಳಿ, ಮುಗಿದ ಮೇಲೆ ಆಪ್ಷನ್ ತೆಗೆಯಿರಿ. ಇಲ್ಲದಿದ್ದರೆ ಲಾಗ್ ಊದಿಕೊಳ್ಳುತ್ತದೆ.

ಒಂದು ಕ್ಲಾಸನ್ನು ಅದೇ ಕ್ಲಾಸಿಗೆ ಕಾಸ್ಟ್ ಮಾಡಲು ಆಗಲ್ಲ ಅಂತ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್ ಬಂದರೂ ಇದೇ ದಾರಿ. ಓದಿದರೆ ತಮಾಷೆ ಅನ್ನಿಸುತ್ತದೆ, ಅಲ್ವಾ? ಒಂದೇ ಜಾರ್ ಟಾಮ್‌ಕ್ಯಾಟ್‌ನ ಲಿಬ್‌ನಲ್ಲೂ ಆಪ್‌ನ ಲಿಬ್‌ನಲ್ಲೂ ಇದ್ದು, ಎರಡು ಲೋಡರ್ ಎರಡು ಸಲ ಲೋಡ್ ಮಾಡಿಕೊಂಡಾಗ ಹೀಗಾಗುತ್ತದೆ. ಜೆವಿಎಂಗೆ ಲೋಡರ್ ಬೇರೆಯಾದರೆ ಕ್ಲಾಸೂ ಬೇರೆ. ಎರಡರಲ್ಲಿ ಒಂದು ಜಾರ್ ತೆಗೆಯಿರಿ.

ಸರಿಪಡಿಸಿದ್ದು

ಟಾಮ್‌ಕ್ಯಾಟ್ ನಿಲ್ಲಿಸಿದೆ. ಬಿಚ್ಚಿದ ಫೋಲ್ಡರಿನ ಬ್ಯಾಕಪ್ ತೆಗೆದೆ, ಯಾಕೆಂದರೆ ಒಳಗೆ ಮಂಡಿಯವರು ಹಾಕಿಸಿಕೊಂಡ ಲೋಗೋ ಇತ್ತು. ಆ ಫೋಲ್ಡರನ್ನು ಪೂರ್ತಿ ಅಳಿಸಿದೆ. ವರ್ಕ್ ಫೋಲ್ಡರಿನಲ್ಲಿ ಈ ಆಪ್‌ನ ಹೆಸರಿನಲ್ಲಿದ್ದ ಹಳೆ ಜೆಎಸ್‌ಪಿ ಕ್ಲಾಸುಗಳನ್ನೂ ಅಳಿಸಿದೆ. ಆಫೀಸಿನಿಂದ ತಂದ ವಾರ್ ಫೈಲನ್ನು ವೆಬ್‌ಆಪ್ಸ್‌ಗೆ ಹಾಕಿ ಟಾಮ್‌ಕ್ಯಾಟ್ ಎಬ್ಬಿಸಿದೆ. ಬರೀ 3.17 ಜಾರ್ ಒಂದನ್ನು ಅಳಿಸಿದ್ದರೆ ಸಾಕಿರಲಿಲ್ಲ. ಪಿಒಐ-ಓಓಎಕ್ಸ್‌ಎಂಎಲ್, ಅದರ ಸ್ಕೀಮಾ ಜಾರುಗಳ ಹಳೆಯವೂ ಅಲ್ಲೇ ಉಳಿದಿದ್ದವು. ಪಿಒಐ ಜಾರುಗಳೆಲ್ಲ ಒಂದೇ ವರ್ಷನ್‌ನವು ಇರಬೇಕು, ಬೆರಕೆ ನಡೆಯುವುದಿಲ್ಲ.

ಜೆಎಸ್‌ಪಿ ತೆರೆದೆ. ಒಂದೇ ಸಾಲು, 5.2.3. ಗುಮಾಸ್ತರು ರೇಟ್ ಫೈಲ್ ಹಾಕಿದರು. ಪ್ರಿಂಟರ್ ಕಿರ್ರ್ ಅಂತ ಚೀಟಿ ಉಗುಳಿತು. "ಡಿಸ್ಕ್‌ದೇ ತಾನೇ ಸಾ?" ಅಂದರು. "ಅರ್ಧ ಡಿಸ್ಕ್‌ದು, ಅರ್ಧ ನಂದು ಅಣ್ಣ" ಅಂದೆ.

ಸಂಜೆ ಬೆಂಗಳೂರು ಕಡೆಯಿಂದ ಬಂದ ರೈಲಿನಲ್ಲಿ ಮದ್ದೂರು ವಡೆ ತಿನ್ನುತ್ತಾ ಉಳಿದ ಮೂರು ಕಡೆಯ ಸರ್ವರ್‌ಗಳ ಲಿಬ್ ಪಟ್ಟಿ ತೆಗೆದೆ. ಹೆಸರಿನಿಂದ ವರ್ಷನ್ ನಂಬರ್ ಕತ್ತರಿಸಿ, ಎರಡೆರಡು ಸಲ ಬಂದ ಹೆಸರು ಹುಡುಕಿದರೆ ಒಂದು ನಿಮಿಷದ ಕೆಲಸ. ಒಂದು ಕಡೆ ಲಾಗಿಂಗ್ ಲೈಬ್ರರಿ ಎರಡು ವರ್ಷನ್ ಸಿಕ್ಕಿತು, ಅದೂ ನನ್ನದೇ ಪೆನ್‌ಡ್ರೈವ್ ಕೆಲಸ. ಅಲ್ಲಿಂದಲೇ ಅಳಿಸಲಿಲ್ಲ. ಆಪ್ ಓಡುತ್ತಿರುವಾಗ ಅದು ಹಿಡಿದಿರುವ ಜಾರನ್ನು ಕಿತ್ತರೆ ಇನ್ನೂ ಲೋಡ್ ಆಗದ ಕ್ಲಾಸ್ ಬೇಕಾದ ಗಳಿಗೆಯಲ್ಲಿ ಹೊಸ ಎರರ್ ಏಳುತ್ತದೆ. ರಾತ್ರಿ ಅವರ ಅಂಗಡಿ ಬಾಗಿಲು ಹಾಕಿದ ಮೇಲೆ ಟಾಮ್‌ಕ್ಯಾಟ್ ನಿಲ್ಲಿಸಿ, ವಾರ್ ಹೊಸದಾಗಿ ಹಾಕಿದೆ.